ಹಳ್ಳ ದಾಟದ ಏಳು ನಡೆ

ಹೋದ ತಿಂಗಳು ಲಕ್ಷ್ಮೇಶ್ವರದ ಒಂದು ಶಾಲೆಯವರು ಮಕ್ಕಳ ಚದುರಂಗ ಪಂದ್ಯಕ್ಕೆ ಬಹುಮಾನ ಹಂಚಲು ನನ್ನನ್ನು ಕರೆದಿದ್ದರು. ಶಾಲೆಯಲ್ಲಿ ಕಲಿಸುವ ಕೆಲಸದಿಂದ ಬಿಡುವಾಗಿ ಬೆಟಗೇರಿಯಲ್ಲಿ ಕುಳಿತಿರುವ ಹಳೆಯ ಅಕ್ಕೋರು ನಾನು. ಇಂಥ ಕರೆ ಬಂದರೆ ಖುಷಿಯಿಂದಲೇ ಹೋಗುತ್ತೇನೆ. ಕೊನೆಯ ಪಂದ್ಯ ನಡೆದಿತ್ತು. ಎರಡು ಜಡೆ ಹಾಕಿಕೊಂಡ ಹುಡುಗಿಯೊಬ್ಬಳಿಗೆ ಬಿಳಿ ಕಾಯಿ ಬಂದಿದ್ದವು. ಅವಳು ಕೈ ಚಾಚಿ ರಾಜನ ಮುಂದಿನ ಪ್ಯಾದೆಯನ್ನು ಒಂದೇ ಒಂದು ಮನೆ ಸರಿಸಿ ಕೈ ಕಟ್ಟಿ ಕುಳಿತಳು. ಎರಡು ಮನೆ ಹಾರಬಹುದಿತ್ತು, ಹಾರಲಿಲ್ಲ.

ಪಕ್ಕದಲ್ಲಿದ್ದ ಆಟದ ಮಾಸ್ತರರು ನಕ್ಕರು. "ಇದನ್ನ ಯಾರೂ ಆಡಂಗಿಲ್ರಿ ಅಕ್ಕೋರ. ಬಿಳಿ ಕಾಯಿ ಬಂದ್ರ ಮುನ್ನುಗ್ಗಬೇಕು. ಇಕಿ ನೋಡ್ರಿ, ಬಾಗಲಾ ಸ್ವಲ್ಪ ತಗದು ಹಣಿಕಿ ಹಾಕಿದಂಗ ಆಡತಾಳ."

ನನಗೆ ಅಲ್ಲಿ ಕೂರಲಾಗಲಿಲ್ಲ. ತಲೆ ಸುತ್ತುತ್ತಿದೆ ಎಂದು ಸುಳ್ಳು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಗದಗು ಬರುವತನಕ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದೆ. ಇಷ್ಟು ವರ್ಷ ಒಬ್ಬರ ಹೊರತು ಯಾರ ಮುಂದೆಯೂ ಬಿಡಿಸಿ ಹೇಳದ ಸಂಗತಿಯನ್ನು ಈಗ ಬರೆದಿಡುತ್ತೇನೆ. ಅದರಲ್ಲಿದ್ದವರು ಯಾರೂ ಈಗ ಉಳಿದಿಲ್ಲ, ನನ್ನ ಹೊರತು.

ಅದು ನಲವತ್ತೆಂಟನೆಯ ಇಸವಿಯ ಮಳೆಗಾಲ. ನನಗೆ ಹದಿನೈದು ವರ್ಷ. ಮುಂಡರಗಿಯಲ್ಲಿ ಅಪ್ಪನಿಗೆ ಅರಿವೆ ಅಂಗಡಿ ಇತ್ತು. ಆಗ ನಮ್ಮ ಸೀಮೆ ತೇಪೆ ಹಚ್ಚಿದ ಕೌದಿಯ ಹಾಗೆ ಇತ್ತು. ಶಿರಹಟ್ಟಿ ಆ ವರ್ಷದವರೆಗೆ ಒಬ್ಬ ಅರಸರದಾಗಿತ್ತು, ಲಕ್ಷ್ಮೇಶ್ವರ ಇನ್ನೊಬ್ಬರದು. ಗದಗು, ಮುಂಡರಗಿ ಮುಂಬಯಿ ಸರಕಾರಕ್ಕೆ ಸೇರಿದ್ದವು. ಮುಂಡರಗಿಯಿಂದ ಮೂಡಲಿಗೆ ಹೋದರೆ ಒಂದು ಹಳ್ಳ ಬರುತ್ತಿತ್ತು. ಅದನ್ನು ದಾಟಿದರೆ ನಿಜಾಮರ ಸೀಮೆ. ಸ್ವಾತಂತ್ರ್ಯ ಬಂದು ವರ್ಷವಾಗಿದ್ದರೂ ಅದು ಹಳ್ಳದ ಈಚೆ ದಂಡೆಗೆ ಬಂದು ನಿಂತಿತ್ತು.

ನನ್ನ ಅಕ್ಕ ನೀಲವ್ವನನ್ನು ಕೊಟ್ಟದ್ದು ಆಚೆಗೆ, ಅಳವಂಡಿ ಕಡೆಯ ಒಂದು ಸಣ್ಣ ಊರಿಗೆ. ಅವಳ ಗಂಡ ಶಿವಲಿಂಗಪ್ಪ, ನನಗೆ ಮಾಮಾ. ಗದಗಿನಲ್ಲಿ ಹೈಸ್ಕೂಲು ಓದಿದವನು. ತಮಾಷೆಯ ಮನುಷ್ಯ. ಮದುವೆಯ ಮರುವರ್ಷ ನಮ್ಮ ಮನೆಗೆ ಬಂದಾಗ ಕಿನ್ನಾಳದ ಚಿತ್ರಗಾರರು ಬಣ್ಣ ಹಚ್ಚಿದ ಚದುರಂಗದ ಕಾಯಿ ತಂದು ನನಗೆ ಆಟ ಕಲಿಸಿದ. ಬಟ್ಟೆಯ ಮೇಲೆ ಬರೆದ ಅರವತ್ತನಾಲ್ಕು ಮನೆಗಳ ನಡುವೆ ಒಂದು ಗೆರೆ ಎಳೆದು, "ಇದು ಹಳ್ಳ. ಆಕಡಿ ನಿಜಾಮ, ಈಕಡಿ ನಾವು" ಎಂದು ನಗುತ್ತಿದ್ದ.

ಬಿಳಿ ಕಾಯಿ ಹಿಡಿದರೆ ಮಾಮಾನದು ಯಾವಾಗಲೂ ಒಂದೇ ಶುರುವಾತು. ರಾಜನ ಮುಂದಿನ ಪ್ಯಾದೆ ಒಂದು ಮನೆ. ಆಮೇಲೆ ವಜೀರನ ಮುಂದಿನ ಪ್ಯಾದೆ, ಅದೂ ಒಂದೇ ಮನೆ. ಒಂಟೆ ಹೊರಗೆ ಬಂದರೂ ರಾಜನ ಮಗ್ಗುಲಲ್ಲೇ ಕೂರುವುದು. ಕುದುರೆ ಹಿಂದಿನ ಸಾಲಿನಲ್ಲೇ ಸುಳಿದಾಡುವುದು. ಹತ್ತು ನಡೆ ಆಗುವತನಕ ಅವನ ಒಂದು ಕಾಯಿಯೂ ಹಳ್ಳ ದಾಟುತ್ತಿರಲಿಲ್ಲ. ಎದುರಿನವರು ಬೇಸತ್ತು ತಾವೇ ನುಗ್ಗಿ ಬಂದು ಕಾಯಿ ಕಳೆದುಕೊಳ್ಳುತ್ತಿದ್ದರು.

"ಇದೇನು ಮಾಮಾ, ಅಂಜುಬುರುಕರ ಆಟ" ಎಂದಿದ್ದೆ ಒಮ್ಮೆ.

"ಅಂಜಿಕಿ ಅಲ್ಲಲೇ ಹುಚ್ಚಿ. ಮನಿ ಗಟ್ಟಿ ಮಾಡಿಕೊಳ್ಳೂದು. ಹತ್ತು ನಡಿ ಸುಮ್ಮನ ಇರೂದು ಎಷ್ಟು ತ್ರಾಸಿನ ಕೆಲಸ ಐತಿ, ಆಡಿ ನೋಡು."

ನನಗೆ ಆ ಆಟ ಹಿಡಿಸಿತು. ಆದರೆ ಹೆಣ್ಣುಹುಡುಗಿ ಮನೆಯ ಅಳಿಯನೊಡನೆ ಚದುರಂಗ ಆಡುತ್ತಾಳೆಂದರೆ ಹಿರಿಯರು ಮುಖ ಸಿಂಡರಿಸುತ್ತಾರೆಂದು, ನಮ್ಮ ಆಟ ಅಪ್ಪ, ಅಕ್ಕ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವ್ವನಿಗೂ ಹೇಳಿರಲಿಲ್ಲ.

ಸ್ವಾತಂತ್ರ್ಯದ ದಿನ ಮಾಮಾ ತನ್ನ ಊರಲ್ಲಿ ಬಾವುಟ ಹಾರಿಸಿದ. ಅಂದಿನಿಂದ ಅವನಿಗೆ ಮನೆಯಲ್ಲಿ ನಿಲ್ಲುವಂತಿರಲಿಲ್ಲ. ಊರಿಂದೂರಿಗೆ ತಲೆಮರೆಸಿಕೊಂಡು ಓಡಾಡುವುದು, ಹತ್ತು ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ಒಂದು ಹೊತ್ತು ಇದ್ದು ಹೋಗುವುದು. ಆದರೂ ಆಟ ಬಿಡಲಿಲ್ಲ. ಯುಗಾದಿ ಮುಗಿದ ಮೇಲೆ ನಾವು ಚೀಟಿಯ ಮೇಲೆ ಆಡಲು ಶುರುಮಾಡಿದೆವು. ಆಚೀಚೆ ಬಳೆ ಮಾರಿಕೊಂಡು ತಿರುಗುತ್ತಿದ್ದ ಹುಸೇನಜ್ಜ ನನ್ನ ಚೀಟಿಯನ್ನು ಬಳೆಯ ಮಲಾರದಲ್ಲಿ ಸಿಗಿಸಿಕೊಂಡು ಒಯ್ದು, ಅಕ್ಕನಿಗೆ ಬಳೆ ಇಡಿಸುವ ನೆವದಲ್ಲಿ ಅವಳ ಕೈಗೆ ಕೊಡುತ್ತಿದ್ದ. ಮಾಮಾ ಬಂದಾಗ ಉತ್ತರ ಬರೆದಿಡುತ್ತಿದ್ದ. ಬಿಳಿ ಕಾಯಿ ನನ್ನವು. ಅವನು ಕಲಿಸಿದ ಶುರುವಾತನ್ನೇ ಅವನ ಮೇಲೆ ಆಡುತ್ತಿದ್ದೆ. ನಾಲ್ಕು ತಿಂಗಳಲ್ಲಿ ಆರು ನಡೆ ಆಗಿದ್ದವು.

ಶ್ರಾವಣ ಬರುವ ಹೊತ್ತಿಗೆ ಆಚೆಯ ಸುದ್ದಿ ಕೆಟ್ಟದ್ದಾಗುತ್ತ ಹೋಯಿತು. ರಜಾಕಾರರು ಊರಿಗೆ ನುಗ್ಗಿದರಂತೆ, ಬಣವೆಗೆ ಬೆಂಕಿ ಇಟ್ಟರಂತೆ ಎಂದು ದಿನಾ ಒಂದು ಸುದ್ದಿ. ಗಾಡಿ ಕಟ್ಟಿಕೊಂಡು, ತಲೆಯ ಮೇಲೆ ಗಂಟು ಹೊತ್ತುಕೊಂಡು ಜನ ಹಳ್ಳ ದಾಟಿ ಬರುತ್ತಿದ್ದರು. ನಮ್ಮ ಶಾಲೆಯ ತುಂಬ ಅವರೇ. ತೊಯ್ದ ಕಂಬಳಿಯ ವಾಸನೆ ಮುಂಡರಗಿಯ ಓಣಿ ಓಣಿಯಲ್ಲಿ ಹಿಡಿದುಕೊಂಡಿತ್ತು.

ಅಕ್ಕ ಆರು ತಿಂಗಳ ಬಸುರಿ. ಅವಳನ್ನೂ ಅತ್ತೆ ಮಾವಂದಿರನ್ನೂ ಕರೆಸಿಕೊಳ್ಳಬೇಕೆಂದು ಅಪ್ಪ, ಅವ್ವ ನಿಶ್ಚಯಿಸಿದರು. ಅವರ ನೆರೆಮನೆಯ ಸಂಗವ್ವನ ಕುಟುಂಬ ಒಂದು ಗುರುವಾರ ಹೊರಡುವುದಿತ್ತು; ಅವರ ಜೊತೆಗೇ ಬಂದುಬಿಡಿರೆಂದು ಅಪ್ಪ ಸಂಗವ್ವನ ತಮ್ಮನ ಕೈಲಿ ಬಾಯಿಮಾತಿನಲ್ಲಿ ಹೇಳಿಕಳಿಸಿದ್ದ. ನಾಲ್ಕು ಮಂದಿಗೆ ತಿಳಿದರೆ ಕೆಲಸ ಕೆಡುತ್ತದೆಂದು ಈ ಸಂಗತಿಯನ್ನು ನನಗೆ ಹೇಳಲಿಲ್ಲ.

ಆ ವಾರವೇ ಮಾಮಾನ ಚೀಟಿ ಬಂದಿತ್ತು. ತನ್ನ ನಡೆ ಬರೆದು, ಕೆಳಗೆ ಕೀಟಲೆ ಮಾಡಿದ್ದ: "ನಿನ್ನ ಮಂದಿ ಯಾವಾಗ ಹಳ್ಳ ದಾಟತಾರ?" ನಾನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಉತ್ತರ ಬರೆದೆ. ಆ ಚೀಟಿಯ ಒಂದೊಂದು ಅಕ್ಷರವೂ ನನಗೆ ನೆನಪಿದೆ.

"ಕುದುರೆ ಹಿಂದಕ್ಕೆ, ವಜೀರನ ಮಗ್ಗುಲಿಗೆ. ಹಳ್ಳ ದಾಟುವ ಮಾತೇ ಇಲ್ಲ. ಈಗ ದಾಟಿದರೆ ಸಾವು ಖರೆ. ಆಚೆ ದಂಡೆಯಲ್ಲಿ ರಾಜನ ಪ್ಯಾದೆಗಳು ಕಾದು ಕುಳಿತಿದ್ದಾರೆ. ಇನ್ನೂ ಮೂರು ನಡೆ ಇದ್ದಲ್ಲೇ ಇರುವುದು ಲೇಸು. ಶಾಂತಾ."

ಬರೆದು ನನಗೇ ನಗು ಬಂತು. ಮಡಿಚಿ ಹುಸೇನಜ್ಜನ ಕೈಯಲ್ಲಿಟ್ಟೆ.

ಗುರುವಾರ ಬಂತು. ಅವ್ವ ನಸುಕಿನಲ್ಲೇ ಎದ್ದು ಕಡಲೆಬೇಳೆ ಬೇಯಿಸಲು ಇಟ್ಟಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹೋಳಿಗೆ ಯಾಕೆಂದು ಕೇಳಿದರೆ ಸುಮ್ಮನೆ ನಕ್ಕಳು. ಸಂಜೆಯಾದರೂ ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ, ಆಚೆಯಿಂದ ಬಂದವರಲ್ಲಿ ಮಗಳಿದ್ದಾಳೇನೋ ನೋಡುತ್ತೇನೆಂದು ಅವ್ವ ಶಾಲೆಯ ಕಡೆ ಓಡಿದಳು. ಅವಳು ಅತ್ತ ಹೋದಳು, ಇತ್ತ ಬೇರೆ ಓಣಿಯಿಂದ ಸಂಗವ್ವ ನಮ್ಮ ಮನೆ ಹುಡುಕಿಕೊಂಡು ಬಂದಳು. ಮೊಣಕಾಲ ತನಕ ಕೆಸರು.

ಅಪ್ಪ ಕೇಳಿದ. "ನೀಲವ್ವ ಎಲ್ಲಿ? ನಿಮ್ಮ ಜೋಡಿ ಬರಲಿಲ್ಲೇನು?"

ಸಂಗವ್ವ ಅಪ್ಪನ ಮುಖವನ್ನೇ ನೋಡಿದಳು. "ಇದೇನ್ರಿ ಹಿಂಗ ಕೇಳ್ತೀರಿ? ಬರಬ್ಯಾಡ್ರಿ ಅಂತ ನೀವ ಕಾಗದ ಕಳಿಸೀರಲ್ರಿ. ಹಳ್ಳ ದಾಟಿದ್ರ ಸಾವು ಖರೆ, ದಂಡಿ ಮ್ಯಾಲ ರಾಜನ ಪ್ಯಾದಿ ಕಾಯಾಕತ್ಯಾರ, ಇದ್ದಲ್ಲೇ ಇರ್ರಿ ಅಂತ. ನೀಲವ್ವನ ಮಾವ ತಾ ಓದಿಕೊಂಡು ಎಲ್ಲರಿಗೂ ಅದರ ಅರ್ಥ ಹೇಳಿದ. ಗಂಟು ಕಟ್ಟಿ ಗಾಡ್ಯಾಗ ಇಟ್ಟಿದ್ರು, ಇಳಿಸಿಕೊಂಡ್ರು. ಪಾಪ, ನೀಲವ್ವ ಅಳಕೋತ ಗಂಟು ಬಿಚ್ಚಿ ಸೀರಿ ಮತ್ತ ಗಳಕ್ಕ ಹಾಕಿದಳು. 'ನಮ್ಮಪ್ಪಗ ನಾ ಬ್ಯಾಡಾದ್ನೇನು' ಅಂದಳು."

ನಾನು ನೀರಿನ ಕೊಡ ಹಿಡಿದು ಒಳಬಾಗಿಲಲ್ಲಿ ನಿಂತಿದ್ದೆ. ಕೊಡ ಕೈಜಾರಲಿಲ್ಲ. ಅದನ್ನು ಮೆಲ್ಲಗೆ ಕೆಳಗಿಟ್ಟದ್ದು, ಇಟ್ಟ ಮೇಲೂ ಅದರ ಕಂಠ ಹಿಡಿದುಕೊಂಡೇ ಕುಳಿತದ್ದು ನೆನಪಿದೆ.

ಆದದ್ದು ಇಷ್ಟು. ಅಂದು ಆಚೆಯ ಊರಿನ ಅಗಸೆಬಾಗಿಲಲ್ಲಿ ತಪಾಸಣೆ ಜೋರಿತ್ತಂತೆ. ಹುಸೇನಜ್ಜ ಅವಸರದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಅಕ್ಕನ ಮಾವ ಈರಪ್ಪನ ಕೈಗೇ ಚೀಟಿ ತುರುಕಿ, "ಮುಂಡರಗಿಯಿಂದ" ಎಂದಷ್ಟೇ ಹೇಳಿ ಹೊರಟುಬಿಟ್ಟಿದ್ದ. ಅಕ್ಕ ಬಾವಿಗೆ ಹೋಗಿದ್ದಳು. ಈರಪ್ಪನಿಗೆ ಚದುರಂಗ ಗೊತ್ತಿಲ್ಲ. ಆ ದಿನಗಳಲ್ಲಿ ಯಾರೂ ಕಾಗದದಲ್ಲಿ ನೇರ ಬರೆಯುತ್ತಿರಲಿಲ್ಲ, ಮುಚ್ಚುಮರೆಯಲ್ಲೇ ಬರೆಯುತ್ತಿದ್ದರು. ಕುದುರೆ, ವಜೀರ, ರಾಜ, ಪ್ಯಾದೆ ಎಲ್ಲಕ್ಕೂ ಆತ ಒಂದೊಂದು ಅರ್ಥ ಹಚ್ಚಿಕೊಂಡ. ಓದಲು ಬಾರದ ಅಕ್ಕನ ಕೈಗೆ ಆ ಚೀಟಿ ಬರಲೇ ಇಲ್ಲ; ಅವಳ ಕಿವಿಗೆ ಬಿದ್ದದ್ದು ಆತ ಹಚ್ಚಿದ ಅರ್ಥವಷ್ಟೇ.

ಸಂಗವ್ವ ಹೋದ ಮೇಲೆ ಅಪ್ಪ ನನ್ನನ್ನು ಪಡಸಾಲೆಗೆ ಕರೆದ. "ನೀ ಏನು ಬರದಿದ್ದಿ?" ಎಂದ. ನಾನು ಅಕ್ಷರ ಬಿಡದೆ ಒಪ್ಪಿಸಿದೆ. ಅಪ್ಪ ಕಂಬ ಹಿಡಿದುಕೊಂಡ. ಬೈಯುತ್ತಾನೆಂದು ಕಾದೆ.

"ಗುರುವಾರದ ಸುದ್ದಿ ನಾನು ನಿನಗ ಹೇಳಬೇಕಿತ್ತು" ಎಂದ. ಆಮೇಲೆ, "ನಿಮ್ಮವ್ವನ ಮುಂದ ಈ ಮಾತು ಎತ್ತಬ್ಯಾಡ. ನಾ ಹೋಗಿ ನೀಲಾನ್ನ ಕರಕೊಂಡ ಬರ್ತೀನಿ."

ಅಂದೇ ಇಬ್ಬರು ಆಳುಗಳನ್ನು ಕರೆದುಕೊಂಡು ಗಾಡಿ ಕಟ್ಟಿದ. ಅವನು ಹಳ್ಳ ಮುಟ್ಟುವುದಕ್ಕೂ ಮೇಲಿನಿಂದ ನೀರು ಇಳಿಯುವುದಕ್ಕೂ ಸರಿಹೋಯಿತು. ಸಂಗವ್ವ ಮೊಣಕಾಲು ನೀರಿನಲ್ಲಿ ದಾಟಿದ್ದ ಹಳ್ಳ ಶನಿವಾರ ಎರಡಾಳು ಆಳ ಹರಿಯುತ್ತಿತ್ತು. ಅಪ್ಪ ಒಮ್ಮೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದನಂತೆ, ಆಳುಗಳು ಎಳೆದುಕೊಂಡರಂತೆ. ರವಿವಾರವೂ ಇಳಿಯಲಿಲ್ಲ ನೀರು. ಸೋಮವಾರ ಬೆಳಿಗ್ಗೆ ಆಚೆ ದಂಡೆಯ ದೂರದಲ್ಲಿ, ಸುರಿಯುವ ಮಳೆಯಲ್ಲಿಯೇ ಹೊಗೆ ಎದ್ದದ್ದು ಕಂಡಿತು. ಯಾವ ಊರೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ದಿನವೆಲ್ಲ ಅಪ್ಪ ಮಗಳ ಹೆಸರು ಹಿಡಿದು ಕೂಗಿದನೆಂದು ಆಳು ಆಮೇಲೆ ಹೇಳಿದ. ಮಂಗಳವಾರ ಆಳುಗಳು ಮನೆಗೆ ಕರೆತಂದಾಗ ಅವನ ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ.

ಬುಧವಾರ, ಹಳ್ಳ ಇಳಿದ ಮೇಲೆ, ಈರಪ್ಪ ಬಂದ. ತಲೆಗೆ ರುಮಾಲಿಲ್ಲ. ಹೆಂಡತಿಯನ್ನು ಶಾಲೆಯಲ್ಲಿ ಕೂರಿಸಿ ತಾನೊಬ್ಬನೇ ಬಂದಿದ್ದ. ಊರಿಗೆ ಬೆಂಕಿ ಬಿದ್ದಾಗ ಸಜ್ಜೆಯ ಹೊಲದೊಳಗೆ ಓಡಿ ಅಡಗಿದ್ದರಂತೆ. ಮಳೆಯಲ್ಲಿ ನೆನೆದುಕೊಂಡು ಎರಡು ದಿನ ಅಲ್ಲೇ. ಅಲ್ಲಿಯೇ ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಳಲೇ ಇಲ್ಲ. ಅಕ್ಕ ಮಂಗಳವಾರ ಮಧ್ಯಾಹ್ನದವರೆಗೆ ಇದ್ದಳು.

ಅವ್ವ ನೆಲದ ಮೇಲೆ ಕುಸಿದಿದ್ದಳು. ಈರಪ್ಪ ಅಳುತ್ತ ಅಂದ, "ನಿಮ್ಮ ಕಾಗದ ನಂಬಿ ಕುಂತ್ವಿರಿ ಬೀಗರ. ಗುರುವಾರ ಬಂದುಬಿಟ್ಟಿದ್ರ..."

ಅವ್ವ ತಲೆ ಎತ್ತಿದಳು. "ಯಾವ ಕಾಗದ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, ಆ ಒಡೆದ ದನಿಯಲ್ಲಿ, "ನಾನ ಬರೆಸಿದ್ದೆ" ಎಂದ. "ಶಾಂತಾನ ಕೈಲೆ ಬರೆಸಿದೆ. ಹಳ್ಳ ತುಂಬತದ ಅಂತ ಅಂಜಿಕಿ ಆತು. ಬಸುರಿ ಹುಡುಗಿ. ಬರ್ರಿ ಅಂದಾವ ಮತ್ತ ಬ್ಯಾಡ ಅಂತ ಬರೆಸಿದೆ."

ಅವ್ವ ಅವನನ್ನು ಎಷ್ಟೋ ಹೊತ್ತು ನೋಡಿದಳು. ನನ್ನನ್ನು ನೋಡಲಿಲ್ಲ. ಬರೆದ ಕೈ ನನ್ನದೆಂಬುದು ಅವಳಿಗೆ ಮುಖ್ಯವೇ ಆಗಲಿಲ್ಲ. ತಂದೆ ಹೇಳಿದ್ದನ್ನು ಮಗಳು ಬರೆದಿದ್ದಾಳೆ, ಅಷ್ಟೇ. ಅಂದಿನಿಂದ ಅವಳು ಅಪ್ಪನೊಡನೆ ಮಾತು ಬಿಟ್ಟಳು.

ಮುಂದಿನ ತಿಂಗಳು ಸೈನ್ಯ ಬಂತು, ನಿಜಾಮರ ರಾಜ್ಯ ಮುಗಿಯಿತು. ದಸರೆಯ ಹೊತ್ತಿಗೆ ಮಾಮಾ ಬಂದ. ಗಡ್ಡ ಬಿಟ್ಟಿದ್ದ. ಮೂವತ್ತೂ ತುಂಬದವನು ಐವತ್ತರವನಂತೆ ಕಾಣುತ್ತಿದ್ದ. ಅಪ್ಪ ಅವನ ಮುಂದೆಯೂ ಅದೇ ಮಾತು ಹೇಳಿದ. ಮಾಮಾ ಅಂಗಿಯ ಕಿಸೆಯೊಳಗೆ ಕೈಯಿಟ್ಟು ಒಂದು ಚೀಟಿ ಅರ್ಧ ಹೊರಗೆ ತೆಗೆದ. ಅದು ನನ್ನದೇ, ಈರಪ್ಪ ಉಳಿಸಿಕೊಂಡು ಬಂದಿದ್ದಿರಬೇಕು. ಅದನ್ನು ಓದಿದ ಕ್ಷಣವೇ ಅವನಿಗೆ ಎಲ್ಲ ತಿಳಿದಿರುತ್ತದೆ. ಅವನು ಅಪ್ಪನನ್ನು ನೋಡಿದ, ಬಾಗಿಲ ಮರೆಯಲ್ಲಿದ್ದ ನನ್ನನ್ನು ನೋಡಿದ, ಒಲೆಯ ಮುಂದೆ ಬೆನ್ನು ತಿರುಗಿಸಿ ಕುಳಿತಿದ್ದ ಅವ್ವನನ್ನು ನೋಡಿದ. ಚೀಟಿ ಮತ್ತೆ ಕಿಸೆಗೆ ಹೋಯಿತು.

"ಆತ್ರಿ ಮಾವಾರ. ನೀವು ನಮ್ಮ ಚಲೋದಕ್ಕಂತ ಬರೆಸಿದ್ರಿ" ಎಂದ.

ಅವನು ಹೊರಟಾಗ ನಾನು ದನದ ಕೊಟ್ಟಿಗೆಯ ಹತ್ತಿರ ಅಡ್ಡ ನಿಂತೆ. "ಮಾಮಾ, ಆ ಚೀಟಿ..." ಎಂದೆ.

"ಗೊತ್ತೈತಿ" ಎಂದ. "ಏಳನೇ ನಡಿ. ಚಲೋ ನಡಿ." ಚೀಟಿಯಿದ್ದ ಕಿಸೆಯ ಮೇಲೆ ಕೈಯಿಟ್ಟ. "ನಿನಗ ಆ ಆಟ ಕಲಿಸಿದಾಂವ ನಾನು. ಹಳ್ಳ ಅಂತ ಗೆರಿ ಎಳದಾಂವೂ ನಾನ. ನೀ ಅಳಬ್ಯಾಡ." ಹೇಳಿ ಅವನೇ ಅತ್ತ. ಆಮೇಲೆ ಅವನು ಆಚೆಯ ಒಂದು ಊರಲ್ಲಿ ಮಾಸ್ತರನಾದ, ಇನ್ನೊಂದು ಮದುವೆಯಾದ ಎಂದು ಕೇಳಿದೆವು. ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಅವ್ವನಿಗೆ ಖರೆ ಹೇಳಬೇಕೆಂದು ಎಷ್ಟು ಸಲ ಹೊರಟೆನೋ. ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಿಯೂ ಹೇಳಿದೆ, ಇವತ್ತು ಹೇಳಿಬಿಡುತ್ತೇನೆ, ನನ್ನಿಂದ ತಡೆಯಲಾಗುವುದಿಲ್ಲ ಎಂದು. ಅಪ್ಪ ಗಜಕೋಲು ಕೆಳಗಿಟ್ಟ. "ಯವ್ವಾ, ನಿಮ್ಮವ್ವಗ ಇದ್ದವರು ಇಬ್ಬರ ಹೆಣ್ಣಮಕ್ಕಳು. ಒಬ್ಬಾಕಿ ಹೋದಳು. ನೀ ಹೇಳಿದ್ರ ಎರಡನೇದಾಕೀನೂ ಹೋದಂಗ. ಗಂಡನ ಮ್ಯಾಲ ಸಿಟ್ಟು ಮಾಡಿಕೊಂಡು ಹೆಂಗರೆ ಬದುಕತಾಳ. ನಿನ್ನ ಮ್ಯಾಲ ಮಾಡಿಕೊಂಡು ಬದುಕಂಗಿಲ್ಲ." ಎದುರಿಗೆ ಗಿರಾಕಿ ಬಂದರು. ಅವನು ಮತ್ತೆ ಅರಿವೆ ಅಳೆಯತೊಡಗಿದ.

ನನಗೆ ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಇದನ್ನು ಬರೆಯುವಾಗ ಬಹಳ ನಾಚಿಕೆಯಾಗುತ್ತದೆ. ಅಪ್ಪನೇ ನನ್ನನ್ನು ಗದಗಿಗೆ ಓದಲು ಕಳಿಸಿದ. ಟ್ರೇನಿಂಗ್ ಮುಗಿಸಿದೆ, ಹುಲಕೋಟಿಯಲ್ಲಿ ಕೆಲಸ ಸಿಕ್ಕಿತು. ರಜೆಗೆ ಬಂದಾಗಲೆಲ್ಲ ಮನೆಯಲ್ಲಿ ಅವರಿಬ್ಬರ ನಡುವೆ ನಾನು ಮಾತು ಸಾಗಿಸುತ್ತಿದ್ದೆ. "ನಿಮ್ಮಪ್ಪಗ ಕೇಳು", "ನಿಮ್ಮವ್ವಗ ಹೇಳು". ನಾನಿಲ್ಲದ ದಿನಗಳಲ್ಲಿ ಅದೂ ಇರುತ್ತಿರಲಿಲ್ಲ. ಎಂಟು ವರ್ಷ. ಐವತ್ತಾರರ ಬೇಸಿಗೆಯಲ್ಲಿ ಅಪ್ಪ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡ. ಕೊನೆಯ ದಿನ ನಾನು ಹತ್ತಿರವಿದ್ದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ. ಅವನು ಅತ್ತ ಕಡೆಯೇ ಕಣ್ಣಿಟ್ಟು ಹೋದ.

ಅದೇ ವರ್ಷ ನವೆಂಬರದಲ್ಲಿ ಕನ್ನಡ ಸೀಮೆಯೆಲ್ಲ ಒಂದಾಯಿತು. ಮುಂಡರಗಿಯಲ್ಲಿ ತೋರಣ, ಮೆರವಣಿಗೆ. ನಾನು ರಜೆ ಹಾಕಿ ಅವ್ವನ ಹತ್ತಿರ ಬಂದಿದ್ದೆ. ಹಳ್ಳದಾಚೆಯ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದು ಓಣಿಯಲ್ಲಿ ಹಾಡುತ್ತ ಹೋಗುತ್ತಿದ್ದರು. ಅವ್ವ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಾಡಿಗಳನ್ನು ನೋಡಿ, "ಇದನ್ನ ನೋಡಾಕ ಅವರು ಇಲ್ಲದ್ದ ಚಲೋ ಆತು" ಎಂದಳು. "ಹಳ್ಳ ಅಂದ್ರ ಅಂಜತಿದ್ರಲ್ಲ. ಮಗಳನ್ನ ಬಲಿ ಕೊಟ್ಟ ಅಂಜುಬುರುಕ."

ನನ್ನಿಂದ ತಡೆಯಲಾಗಲಿಲ್ಲ. ಹಗ್ಗ ಕಟ್ಟಿಕೊಂಡು ತುಂಬಿದ ಹಳ್ಳಕ್ಕೆ ಇಳಿದವನು ಅವನು. ಇಡೀ ದಿನ ಹೆಸರು ಕೂಗಿ ಗಂಟಲು ಕಳೆದುಕೊಂಡವನು. ನಾನು ಅವಳ ಕೈಯಿಂದ ಮೊರ ಇಸಿದುಕೊಂಡು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಮಾಮಾ ಕಲಿಸಿದ ಆಟ, ಬಿಳಿ ಕಾಯಿ, ಹುಸೇನಜ್ಜ, ಏಳನೆಯ ನಡೆ, ಪಡಸಾಲೆಯಲ್ಲಿ ಅಪ್ಪ ಕಂಬ ಹಿಡಿದದ್ದು, ಅಂಗಡಿಯಲ್ಲಿ ಅವನಾಡಿದ ಮಾತು. ಮೆರವಣಿಗೆ ಮುಗಿದು ಓಣಿ ಬರಿದಾಗುವತನಕ ಹೇಳುತ್ತಲೇ ಇದ್ದೆ.

ಅವ್ವ ಕೇಳಿದ್ದು ಒಂದೇ ಮಾತು. "ಅವರಿಗೆ ಮೊದಲ ಗೊತ್ತಿತ್ತೇನು, ನೀ ಬರದದ್ದು ಅಂತ?"

"ಗೊತ್ತಿತ್ತು ಯವ್ವಾ. ಸಂಗವ್ವ ಬಂದ ದಿನದಿಂದ."

ಅವಳು ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚೆಲ್ಲಿದ ಜೋಳದ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಆಮೇಲೆ ನನ್ನ ಕಡೆ ನೋಡದೆ ಅಂದಳು:

"ಎಂಟು ವರ್ಷ ನಾ ಅವರಿಗೆ ಬಿಸಿ ರೊಟ್ಟಿ ಹಾಕಲಿಲ್ಲ ಶಾಂತಾ. ಬೇಕಂತಲೇ. ಮುಂಜಾನಿ ಬಡದು ಇಟ್ಟು, ಆರಿ ಕಟಕಾದ ಮ್ಯಾಲ ಗಂಗಾಳಕ್ಕ ಹಾಕತಿದ್ನಿ. ಒಂದು ದಿನ ಯಾಕ ಅಂತ ಕೇಳಲಿಲ್ಲ. ನೀರಾಗ ಅದ್ದಿಕೊಂಡು ತಿಂತಿದ್ರು." ಅವಳ ಕೈ ಮೊರದ ಮೇಲೆ ನಿಂತಿತು. "ಕಡೀ ಎರಡು ವರ್ಷ ಅವರ ಬಾಯಾಗ ಹಲ್ಲ ಇರಲಿಲ್ಲಲೇ."

ಅದಾದ ಮೇಲೆ ಅವ್ವ ಹನ್ನೊಂದು ವರ್ಷ ನನ್ನ ಜೊತೆಗೇ ಇದ್ದಳು. ಮಾತಾಡಿದಳು, ನಕ್ಕಳು ಕೂಡ, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಆದರೆ ಊಟಕ್ಕೆ ಕುಳಿತಾಗ ನಾನು ಹೆಂಚಿನ ಮೇಲಿಂದ ತೆಗೆದು ಹಾಕಿದ ರೊಟ್ಟಿಯನ್ನು ಒಂದು ದಿನವೂ ಮುಟ್ಟಲಿಲ್ಲ. ಅದನ್ನು ಮೆಲ್ಲಗೆ ನನ್ನ ತಾಟಿಗೆ ಸರಿಸಿ, ಎದ್ದುಹೋಗಿ, ಬುಟ್ಟಿಯ ತಳದಲ್ಲಿದ್ದ ನಿನ್ನೆಯ ರೊಟ್ಟಿ ತಂದುಕೊಂಡು ನೀರಿನಲ್ಲಿ ಅದ್ದುತ್ತಿದ್ದಳು.